ನನ್ನ ಜಾಕೆಟ್ ಕೇಳಿದವಳು

“ಇಲ್ಲಿ ಯಾರೋ ಅನ್ನಕ್ಕಿಟ್ಟಿದ್ದಾರೆ,” ಎಂದಳು ಅವಳು, ನನ್ನ ಆಸ್ಪತ್ರೆ ಕೋಣೆಯ ಬಾಗಿಲಲ್ಲಿ ನಿಂತು. “ಘಮಘಮ ಅಂತಿದೆ. ಒಳ್ಳೇ ಅಕ್ಕಿ ಇರ್ಬೇಕು.”

ಕೈ ತೊಳೆಯುತ್ತಿದ್ದವನು ತಿರುಗಿ ನೋಡಿದೆ. ಬೆನ್ನಿಗೆ ಚೀಲ, ಮಣ್ಣು ಮೆತ್ತಿದ ಬೂಟು, ಅರೆಮುಚ್ಚಿದ ಕಣ್ಣು, ವಾಸನೆ ಹಿಡಿಯಲು ಸ್ವಲ್ಪವೇ ಮೇಲೆತ್ತಿದ ಮೂಗು. ಅಂಥ ಮುಖದೆದುರು ನಿಜ ಹೇಳುವುದು ಕಷ್ಟ.

“ಅನ್ನ ಅಲ್ಲ. ಅದು ನಾನು,” ಎಂದೆ.

“ನೀವಾ?”

“ಹುಲಿ ತನ್ನ ಜಾಗಕ್ಕೆ ಗುರುತು ಹಾಕೋಕೆ ಚಿಮ್ಮಿಸುತ್ತಲ್ಲ, ಅದರ ವಾಸನೆ ಹೀಗೇ ಇರುತ್ತೆ. ಬೆಳಿಗ್ಗೆ ನಮ್ಮಜ್ಜಿ ನನ್ನ ಜಾಕೆಟ್ಟಿಗೇ ಗುರುತು ಹಾಕಿದ್ಲು.”

ಬೇರೆಯವರಾಗಿದ್ದರೆ ಮೂಗು ಮುರಿದು ಹಿಂದೆ ಸರಿಯುತ್ತಿದ್ದರು. ಇವಳು ಮುಂದೆ ಬಂದಳು. ನನ್ನ ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ ಮೂಸಿ, “ಅಯ್ಯೋ, ನಿಜ!” ಎಂದು ನಕ್ಕಳು. ಆ ನಗುವಿಗೆ ನಾನು ಅಲ್ಲೇ ಬಿದ್ದೆ. ಸುತ್ತಿ ಬಳಸಿ ಹೇಳುವುದರಲ್ಲಿ ಏನಿದೆ?

ನಾನು ವನ್ಯಪ್ರಾಣಿ ಪಾರ್ಕಿನ ಡಾಕ್ಟರ್. ನಮ್ಮ ಪಾರ್ಕು ಊರ ನಟ್ಟನಡುವೆ, ಒಂದು ಕಡೆ ಫ್ಲೈಓವರು, ಇನ್ನೊಂದು ಕಡೆ ಅಂಗಡಿ ಸಾಲು ಇರುವ ಇಕ್ಕಟ್ಟಿನಲ್ಲಿದೆ. ಅದನ್ನು ಊರಾಚೆಯ ಸರ್ಕಾರಿ ಕಾಡಿನ ಇಳಿಜಾರಿಗೆ ಸಾಗಿಸಬೇಕೆಂಬ ಯೋಜನೆ ಎದ್ದಿತ್ತು. ಹಾಗೆ ಮಾಡಿದರೆ ಕಾಡಿಗೆ ಏನಾಗುತ್ತದೆ ಎಂದು ಪರಿಶೀಲಿಸಿ ವರದಿ ಕೊಡಲು ಬಂದವಳು ಇವಳು. ಪಾರ್ಕಿನವರು ಅವಳಿಗೆ ‘ವರದಿ ಮೇಡಂ’ ಎಂದು ಹೆಸರಿಟ್ಟರು.

ಅಜ್ಜಿ ಎಂದರೆ ನಮ್ಮ ಮುದಿ ಹೆಣ್ಣುಹುಲಿ. ಹುಟ್ಟಿದಂದಿನಿಂದ ಅವಳು ನಡೆದದ್ದೆಲ್ಲ ಸಿಮೆಂಟಿನ ಮೇಲೆ. ಪಾದಗಳ ಮೆತ್ತೆ ಬಿರಿದು ಹುಣ್ಣಾಗಿತ್ತು. ಸರಳಿನ ಸಂದಿಯಿಂದ ಅವಳು ಕಾಲು ಚಾಚುವಳು, ನಾನು ಮುಲಾಮು ಹಚ್ಚುವೆ, ಮರುದಿನ ಮತ್ತೆ ಅದೇ ಹುಣ್ಣು. ಸಾಯುವ ಮೊದಲು ಅವಳನ್ನು ಮಣ್ಣಿನ ಮೇಲೆ ನಡೆಸಲೇಬೇಕು ಎಂದು ನಾನು ಹಟ ಹಿಡಿದಿದ್ದೆ. ಕಾಡಿನ ಇಳಿಜಾರು ಸಿಕ್ಕರೆ ಅದು ಕೈಗೂಡುತ್ತಿತ್ತು. ವರದಿ ಮೇಡಂ ಒಂದು ‘ಸರಿ’ ಎಂದರೆ ಸಾಕಿತ್ತು.

ಒಂದು ಬೆಳಿಗ್ಗೆ ಹೋಗಿ ಜಾಗ ತೋರಿಸಿ ಬನ್ನಿ ಎಂದು ನಿರ್ದೇಶಕರು ಹೇಳಿದ್ದರು. ನಾನು ದಿನಾ ಬೆಳಿಗ್ಗೆ ಹೋದೆ.

ಇಳಿಜಾರಿನ ಮಧ್ಯದಲ್ಲಿ ಒಂದು ನೀರಿನ ಹೊಂಡ. ಸುತ್ತಲ ಮರಗಳಿಗೆ ಅವಳು ಪುಟ್ಟ ಕ್ಯಾಮೆರಾಗಳನ್ನು ಕಟ್ಟಿದ್ದಳು. ನಾವು ಬಂಡೆಯ ಮರೆಯಲ್ಲಿ ಕೂತು ಕಾಯುತ್ತಿದ್ದೆವು. ಮಾತೆಲ್ಲ ಪಿಸುಮಾತಿನಲ್ಲೇ. ಪಿಸುಮಾತಾಡಬೇಕೆಂದರೆ ಹತ್ತಿರ ಕೂರಲೇಬೇಕಲ್ಲ!

“ನಿಮಗೆ ಆಸ್ಪತ್ರೇಲಿ ಕೆಲಸ ಇಲ್ವಾ ಡಾಕ್ಟ್ರೇ?”

“ಇದೆ. ಮಧ್ಯಾಹ್ನ ಮಾಡ್ತೀನಿ.”

“ಪ್ರಾಣಿಗಳು ಬೆಳಿಗ್ಗೆ ಹೊತ್ತು ಕಾಯಿಲೆ ಬೀಳಲ್ವಾ?”

“ಬೀಳ್ಬೇಡಿ ಅಂತ ಹೇಳಿ ಬಂದಿದೀನಿ.”

ಅವಳು ತುಟಿ ಕಚ್ಚಿ ನಗು ತಡೆದಳು. ನಗು ತಡೆದಾಗ ಅವಳ ಎಡಗೆನ್ನೆಯಲ್ಲಿ ಮಾತ್ರ ಒಂದು ಗುಳಿ ಬೀಳುತ್ತಿತ್ತು. ನಾನು ಸುಮ್ಮಸುಮ್ಮನೆ ಅವಳ ಎಡಗಡೆಗೇ ಕೂರುತ್ತಿರಲಿಲ್ಲ.

ಫ್ಲಾಸ್ಕಿಗೆ ಇದ್ದದ್ದು ಒಂದೇ ಮುಚ್ಚಳ. ಮೊದಲು ಅವಳು ಕುಡಿದು ನನಗೆ ಕೊಡುವಳು. ನಾನು ಯಾವುದೋ ಯೋಚನೆಯಲ್ಲಿರುವವನಂತೆ ಮುಚ್ಚಳ ತಿರುಗಿಸುತ್ತ, ಅವಳ ತುಟಿ ತಾಗಿದ ಕಡೆಯಿಂದಲೇ ಕುಡಿಯುವೆ. ಅವಳು ಕಂಡೂ ಕಾಣದವಳಂತೆ ದುರ್ಬೀನು ಹಿಡಿದು ದೂರದ ಮರ ನೋಡುವಳು. ಒಂದು ದಿನ ದುರ್ಬೀನಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ನಾನೂ ಹೇಳಲಿಲ್ಲ.

ಜಿಂಕೆಗಳು ಮಾತ್ರ ಬರಲೇ ಇಲ್ಲ. ಹೊಂಡದ ಅಂಚಿನ ಕೆಸರಲ್ಲಿ ಹಳೆಯ ಗೊರಸಿನ ಗುರುತುಗಳಿದ್ದವು, ಹೊಸದು ಒಂದೂ ಬೀಳುತ್ತಿರಲಿಲ್ಲ. ಅವಳ ಹುಬ್ಬು ದಿನದಿನಕ್ಕೆ ಗಂಟಾಗುತ್ತ ಹೋಯಿತು. ನನಗೋ ಹಾಲು ಕುಡಿದಷ್ಟು ಸಂತೋಷ. ಜಿಂಕೆಯೇ ಇಲ್ಲದ ಇಳಿಜಾರಿಗೆ ಪಾರ್ಕು ಬಂದರೆ ಯಾರಿಗೇನು ನಷ್ಟ? ಅಜ್ಜಿಗೆ ಮಣ್ಣು ಸಿಕ್ಕಿತೆಂದೇ ಲೆಕ್ಕ ಹಾಕಿಕೊಂಡೆ.

ಆಮೇಲೆ ಒಂದು ಬೆಳಿಗ್ಗೆ ಅವಳು ಫ್ಲಾಸ್ಕು ಮುಚ್ಚುತ್ತ, ನನ್ನ ಮುಖ ನೋಡದೆ ಹೇಳಿದಳು. “ನಾಳೆಯಿಂದ ನೀವು ಬರ್ಬೇಡಿ.”

“ಯಾಕೆ? ನಾನೇನು ಮಾಡ್ದೆ?”

“ಆಮೇಲೆ ಹೇಳ್ತೀನಿ. ಈಗ ಕೇಳ್ಬೇಡಿ, ಪ್ಲೀಸ್.”

ಮುಚ್ಚಳ ತಿರುಗಿಸಿದ್ದು ಅತಿಯಾಯಿತು ಎಂದುಕೊಂಡೆ.

ನಾನಿರುವುದು ಅಕ್ಕನ ಮನೆಯ ಮಹಡಿಯ ಮೇಲೆ. ಮೆಟ್ಟಿಲ ಬುಡದಲ್ಲೇ ಜಾಕೆಟ್ ಕಳಚಿಡಬೇಕೆಂಬುದು ಅಕ್ಕನ ಕಾನೂನು. ಆ ದಿನ ನನ್ನ ಮುಖ ನೋಡಿಯೇ ಅವಳಿಗೆ ಎಲ್ಲ ಗೊತ್ತಾಯಿತು.

“ಬರ್ಬೇಡ ಅಂದ್ಳಾ?” ಎಂದಳು. “ಪಾಪ, ಅವಳಿಗೆ ನೆಗಡಿ ಇತ್ತೇನೋ. ಈಗ ವಾಸಿಯಾಗಿ ಮೂಗು ಬಿಟ್ಟಿರುತ್ತೆ.”

“ಕಾಲೆಳೀಬೇಡ ಅಕ್ಕ.”

“ನಾನೆಲ್ಲಿ ಎಳೀಲಿ? ನೀನಾಗಲೇ ಬಿದ್ದಿದೀಯಲ್ಲ.”

ಒಂದು ವಾರ ಹಾಗೇ ಕಳೆಯಿತು. ನಾಲ್ಕು ಮಾತು ಕೇಳದೆ, ಒಂದು ಮೆಸೇಜ್ ಕಾಣದೆ ಒಣಗಿಹೋದೆ. ಆಮೇಲೆ ಅವಳೇ ಆಸ್ಪತ್ರೆ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಖಾಲಿ ಚೀಲ.

“ಒಂದು ಕೇಳ್ತೀನಿ, ತಪ್ಪು ತಿಳ್ಕೋಬಾರ್ದು. ನಿಮ್ಮ ಜಾಕೆಟ್ ಸ್ವಲ್ಪ ದಿನಕ್ಕೆ ಕೊಡ್ತೀರಾ?”

“ಒಗೆದು ಕೊಡ್ಲಾ?” ಎಂದೆ.

“ಬೇಡ ಬೇಡ! ಹಾಗೇ ಬೇಕು,” ಎಂದವಳ ಕಿವಿಯ ತುದಿ ಕೆಂಪಾಯಿತು.

ಹಾಗೇ ಬೇಕಂತೆ! ಅಂದು ಫ್ಲೈಓವರಿನ ಗದ್ದಲವೂ ನನಗೆ ಸಂಗೀತದಂತೆ ಕೇಳಿಸಿತು. ಅಕ್ಕನಿಗೆ ಹೇಳಿದೆ. ಅವಳು ಸೌಟು ಕೆಳಗಿಟ್ಟು ನನ್ನನ್ನೇ ನೋಡಿದಳು. “ಒಗೀದೇ ಇರೋ ಜಾಕೆಟ್ ಬೇಕು ಅಂದ್ಳಾ? ಲೋ, ಇಂಥವಳು ಈ ಜನ್ಮದಲ್ಲಿ ಇನ್ನೊಬ್ಳು ಸಿಗಲ್ಲ ನಿಂಗೆ. ಬಿಡ್ಬೇಡ.”

ಕೆಲವು ದಿನಗಳ ಮೇಲೆ ಅವಳ ಆಫೀಸಿಗೆ ಬನ್ನಿ ಎಂದು ಕರೆ ಬಂತು. ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಹೋದೆ. ಪುಟ್ಟ ಕೋಣೆ, ಗೋಡೆಯ ತುಂಬ ನಕ್ಷೆಗಳು, ಒಂದೇ ಕಿಟಕಿ. ಅವಳು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದು ನನ್ನನ್ನು ಕೂರಿಸಿದಳು.

ಪರದೆಯ ಮೇಲೆ ಹೊಂಡ. ಬೆಳಗಿನ ಬಿಸಿಲು. ತಾಯಿ ಜಿಂಕೆಯೊಂದು ಬಂತು, ಹಿಂದೆಯೇ ಮರಿ, ಆಮೇಲೆ ಒಂದು ಹಿಂಡು. ತಲೆ ತಗ್ಗಿಸಿ ನೆಮ್ಮದಿಯಾಗಿ ನೀರು ಕುಡಿದವು.

“ಇದು ನೀವು ಬರೋದು ನಿಲ್ಲಿಸಿದ ವಾರ,” ಎಂದಳು.

ಇನ್ನೊಂದು ವಿಡಿಯೋ. ಅದೇ ಹೊಂಡ. ಪಕ್ಕದ ಕೊಂಬೆಗೆ ನನ್ನ ಜಾಕೆಟ್ ನೇತುಬಿದ್ದಿತ್ತು. ತಾಯಿ ಜಿಂಕೆ ನೀರಿನ ತನಕ ಬಂದು ಗಕ್ಕನೆ ನಿಂತಿತು. ಕಿವಿ ನಿಮಿರಿಸಿತು. ಮೂಗು ಮೇಲೆತ್ತಿತು. ಮುಂಗಾಲಿಂದ ಒಮ್ಮೆ ನೆಲ ಕುಟ್ಟಿ, ಬಾಯಾರಿದ ಮರಿಯನ್ನು ತಿರುಗಿಸಿಕೊಂಡು ಹೊರಟುಹೋಯಿತು. ಮರುದಿನ ಅದೂ ಬರಲಿಲ್ಲ.

ಜಾಕೆಟ್ಟನ್ನು ಏಕೆ ಕೇಳಿದ್ದಳೆಂದು ತಿಳಿಯಿತು. ಅದರ ಜೊತೆಗೇ ಉಳಿದದ್ದೂ ತಿಳಿಯಿತು, ನಾನು ಡಾಕ್ಟರ್ ತಾನೆ. ಒಂದು ಜಾಕೆಟ್ಟಿನ ಹುಲಿವಾಸನೆಗೇ ಇಷ್ಟಾದರೆ, ಹುಲಿ, ಸಿಂಹ, ಚಿರತೆಗಳೆಲ್ಲ ಅಲ್ಲಿಗೆ ಬಂದ ಮೇಲೆ ಆ ಇಳಿಜಾರಿನ ನೀರನ್ನು ಯಾವ ಜಿಂಕೆಯೂ ಮುಟ್ಟುವುದಿಲ್ಲ. ನಾಚಿಕೆ, ಸಿಟ್ಟು ಎರಡೂ ಒಟ್ಟಿಗೇ ಉಕ್ಕಿದವು.

“ಹಾಗಾದ್ರೆ ಜಾಕೆಟ್ ಬೇಕಿದ್ದದ್ದು ಇದಕ್ಕೆ,” ಎಂದೆ.

“ಮೊದಲೇ ಹೇಳಿದ್ರೆ ನೀವು ಕೊಡ್ತಿರ್ಲಿಲ್ಲ ಅಂತ ಹೆದರಿಕೆ ಇತ್ತು.”

“ನಿಮಗೆ ಜಿಂಕೆಯ ಬಾಯಾರಿಕೆ ಕಾಣುತ್ತೆ. ನಮ್ಮಜ್ಜಿಯ ಪಾದ ಕಾಣಲ್ಲ. ಆ ವಿಡಿಯೋ ಬಿಟ್ಟು ವರದಿ ಬರೆಯೋಕೆ ಆಗಲ್ವಾ? ಯಾರಿಗೂ ಗೊತ್ತಾಗಲ್ಲ.”

ಅವಳು ವಿಡಿಯೋ ನಿಲ್ಲಿಸಿದಳು.

“ಬರೀಬಹುದು,” ಎಂದಳು ಮೆಲ್ಲಗೆ. “ಆದ್ರೆ ಆಮೇಲೆ ನಿಮ್ಮ ಮುಖ ನೋಡೋಕೆ ನನ್ನಿಂದ ಆಗಲ್ಲ. ನಂಗೆ ನಿಮ್ಮ ಮುಖ ನೋಡ್ಬೇಕು. ತುಂಬಾ ದಿನ ನೋಡ್ಬೇಕು ಅಂತ ಆಸೆ ಇದೆ.”

ಕೇಳಬೇಕೆಂದು ನಾನು ಹಂಬಲಿಸಿದ್ದ ಮಾತು ಅದು. ಆದರೆ ಎಂಥ ಹೊತ್ತಿನಲ್ಲಿ ಬಂತು ನೋಡಿ! ಅತ್ತ ದರಿ, ಇತ್ತ ಹುಲಿ ಎನ್ನುತ್ತಾರಲ್ಲ, ಅದು ಎಲ್ಲರಿಗೂ ಗಾದೆ, ನನಗೆ ಮಾತ್ರ ನೌಕರಿ. ಎದ್ದು ಬಂದೆ.

ಮರುದಿನ ಬೆಳಿಗ್ಗೆ ನಾನು ಮುಲಾಮಿನ ಡಬ್ಬಿ ಹಿಡಿದು ಹೋಗುವಷ್ಟರಲ್ಲಿ ಅವಳು ಅಜ್ಜಿಯ ಪಂಜರದ ಮುಂದೆ ನಿಂತಿದ್ದಳು.

“ಪಾದ ತೋರಿಸಿ,” ಎಂದಳು.

ಅಜ್ಜಿ ಕಾಲು ಚಾಚಿದಳು. ಬಿರುಕುಗಳಿಗೆ ನಾನು ಮುಲಾಮು ತುಂಬುವುದನ್ನು ಅವಳು ಕುಕ್ಕರಗಾಲಲ್ಲಿ ಕೂತು ನೋಡಿದಳು. ಅಜ್ಜಿ ನೋವಿಗೆ ಒಮ್ಮೆ ಗುರುಗುಟ್ಟಿದಾಗ ಅವಳ ಕಣ್ಣಲ್ಲಿ ನೀರಾಡಿತು. ಒರೆಸಿಕೊಳ್ಳಲು ಆ ಕಡೆ ತಿರುಗಿದವಳು ಎದುರಿನ ಗೋಡೆಯನ್ನೇ ದಿಟ್ಟಿಸಿದಳು.

“ಈ ಗೋಡೆಯಾಚೆ ಏನಿದೆ?”

“ಕಾರ್ ಪಾರ್ಕಿಂಗು.”

“ಎಷ್ಟು ದೊಡ್ಡದು?”

“ನೋಡೇ ಬಿಡೋಣ,” ಎಂದೆ. ಸ್ಟೂಲು ತಂದೆವು. ಇಬ್ಬರೂ ಒಂದೇ ಸ್ಟೂಲಿನ ಮೇಲೆ ಹತ್ತಿ, ಒಬ್ಬರ ಭುಜ ಒಬ್ಬರು ಹಿಡಿದು ಆಚೆ ಇಣುಕಿದೆವು. ಟಾರು ಬಳಿದ ವಿಶಾಲ ಮೈದಾನ, ಅಂಚಿನಲ್ಲಿ ನೆರಳಿನ ಮರಗಳು, ಮೂಲೆಯಲ್ಲಿ ನಾಲ್ಕಾರು ಕಾರು. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ. ಟಾರಿನ ಕೆಳಗೆ ಮಣ್ಣೇ ತಾನೆ ಇರುವುದು?

“ಬದಲಿ ಜಾಗ ಯಾವುದಿದೆ ಅಂತ ವರದೀಲಿ ಬರೀಲೇಬೇಕು,” ಎಂದಳು ನನ್ನ ಕಿವಿಯ ಹತ್ತಿರ. “ನಾನು ಬರೀತೀನಿ. ಆದ್ರೆ ಪಾರ್ಕಿನವರೇ ಒಬ್ರು ಎದ್ದು ಕೇಳದಿದ್ರೆ ಅದು ಹಾಳೆ ಮೇಲೇ ಉಳಿಯುತ್ತೆ.”

ತೀರ್ಮಾನದ ಸಭೆಯ ದಿನ ನಿರ್ದೇಶಕರು ನನ್ನ ಪಕ್ಕದಲ್ಲೇ ಕೂತರು. “ಕಣ್ಣಲ್ಲಿ ಕಂಡದ್ದಷ್ಟೇ ಹೇಳಿ ಡಾಕ್ಟ್ರೇ, ಸಾಕು,” ಎಂದು ಪಿಸುಗುಟ್ಟಿದರು.

ಜಾಕೆಟ್ಟಿನ ವಿಡಿಯೋ ತೋರಿಸಿ ಅವಳು ಕೂತಳು. ಒಂದು ಬಟ್ಟೆ ನೋಡಿ ಜಿಂಕೆ ಬೆದರಿದರೆ ಅದೇನು ಸಾಕ್ಷಿ ಎಂದು ಯಾರೋ ನಕ್ಕರು. ಸಭೆಯ ಅಧ್ಯಕ್ಷೆ ನನ್ನ ಕಡೆ ತಿರುಗಿದರು. “ನೀವು ದಿನಾ ಅಲ್ಲಿ ಕೂತಿದ್ರಂತೆ. ಜಿಂಕೆ ನೋಡಿದ್ರಾ?”

ಇಲ್ಲ ಎಂದು ಕೂತುಬಿಟ್ಟರೆ ಅದು ಸುಳ್ಳೂ ಅಲ್ಲ, ಅಜ್ಜಿಗೆ ಕಾಡೂ ಸಿಗುತ್ತದೆ. ಅವಳು ತಲೆ ತಗ್ಗಿಸಿ ತನ್ನ ಬೂಟನ್ನೇ ನೋಡುತ್ತಿದ್ದಳು. ನನ್ನತ್ತ ಒಂದು ಬೇಡಿಕೆಯ ನೋಟವನ್ನೂ ಬೀರಲಿಲ್ಲ.

“ನೋಡ್ಲಿಲ್ಲ,” ಎಂದೆ. “ಯಾಕಂದ್ರೆ ಅಲ್ಲಿ ನಾನಿದ್ದೆ. ನಾನು ಹೋಗೋದು ಬಿಟ್ಟ ಮೇಲೆ ಅವು ಬಂದ್ವು. ಬಟ್ಟೆಗಲ್ಲ, ಹುಲಿಗೆ ಹೆದರಿದ್ದು. ನಾವು ಅಲ್ಲಿಗೆ ಹೋದ್ರೆ ಆ ಕಾಡು ಖಾಲಿಯಾಗುತ್ತೆ. ಆದ್ರೆ ನನ್ನ ಹುಲಿಗೆ ಮಣ್ಣು ಬೇಕು. ಕಾರು ಎಲ್ಲಿ ಬೇಕಾದ್ರೂ ನಿಲ್ಲುತ್ತೆ ಮೇಡಂ. ಆ ಪಾರ್ಕಿಂಗ್ ಜಾಗ ಅವಳಿಗೆ ಕೊಡಿ.”

ಇಳಿಜಾರು ಜಿಂಕೆಗಳಿಗೇ ಉಳಿಯಿತು. ಪಾರ್ಕಿಂಗಿನಲ್ಲಿ ಅರ್ಧ ಜಾಗ ನಮಗೆ ಸಿಕ್ಕಿತು. ನಿರ್ದೇಶಕರು ನನ್ನ ಜೊತೆ ಮಾತು ಬಿಟ್ಟರು. ಟಾರು ಕೀಳುವ ಯಂತ್ರದ ಸದ್ದಿನಲ್ಲಿ ಅದು ನನಗೆ ಅಷ್ಟಾಗಿ ತಿಳಿಯಲೂ ಇಲ್ಲ.

ಹೊಸ ಅಂಗಳದ ಬಾಗಿಲು ತೆರೆದ ಬೆಳಿಗ್ಗೆ ಪಾರ್ಕಿನವರೆಲ್ಲ ಬೇಲಿಯ ಉದ್ದಕ್ಕೂ ನಿಂತರು. ಅಜ್ಜಿ ಸಿಮೆಂಟಿನ ಅಂಚಿಗೆ ಬಂದಳು. ಒಂದು ಪಾದ ಮಣ್ಣಿಗಿಟ್ಟು, ಬೆಚ್ಚಿ ಹಿಂದೆ ತೆಗೆದು ಕೊಡವಿದಳು. ಮೂಸಿದಳು. ಮತ್ತೆ ಇಟ್ಟಳು. ಈ ಸಲ ತೆಗೆಯಲಿಲ್ಲ. ನಿಧಾನವಾಗಿ ನಾಲ್ಕೂ ಪಾದ ಮಣ್ಣಿಗಿಳಿದವು. ಅಂಗಳದ ನಡುವೆ ಹೋಗಿ, ಉಗುರಿನಿಂದ ನೆಲ ಕೆದರಿ, ಉಸ್ಸೆಂದು ಮಗ್ಗುಲಾದಳು. ನಾನು ಅತ್ತುಬಿಟ್ಟೆ.

ಪಕ್ಕದಲ್ಲಿ ಅವಳಿದ್ದಳು. ಕಣ್ಣೊರೆಸಿಕೊಂಡು ತಿರುಗಿದರೆ ನನ್ನನ್ನೇ ನೋಡುತ್ತಿದ್ದಳು.

“ನೀವು ಅಜ್ಜಿಯನ್ನ ನೋಡ್ತಿಲ್ಲ,” ಎಂದೆ.

“ಅವಳನ್ನ ಎಲ್ಲರೂ ನೋಡ್ತಿದಾರೆ.”

ಬೇಲಿಯ ಮೇಲಿದ್ದ ನನ್ನ ಕೈಯ ಪಕ್ಕಕ್ಕೆ ಅವಳ ಕೈ ಬಂತು. ಕಿರುಬೆರಳು ಕಿರುಬೆರಳಿಗೆ ತಾಗಿತು. ಇಬ್ಬರೂ ಸರಿಸಲಿಲ್ಲ.

“ಆ ಇಳಿಜಾರಿನ ಜಿಂಕೆಗಳನ್ನ ಇನ್ನೂ ನೋಡ್ತಾ ಇರು ಅಂತ ನಂಗೇ ಕೆಲಸ ಕೊಟ್ಟಿದಾರೆ,” ಎಂದಳು. “ನೀವು ಇನ್ಯಾವತ್ತೂ ನನ್ನ ಜೊತೆ ಅಲ್ಲಿಗೆ ಬರೋ ಹಾಗಿಲ್ಲ. ಗೊತ್ತಲ್ಲ?”

“ಗೊತ್ತು. ನಾನೇ ಹೇಳಿದ ಸಾಕ್ಷಿ.”

“ಅದಕ್ಕೇ ಯೋಚನೆ ಮಾಡ್ದೆ. ನೀವು ಬರೋದು ಬೇಡ. ಸಂಜೆ ಕೆಲಸ ಮುಗಿಸಿ ನಾನೇ ಬರ್ತೀನಿ. ದಿನಾ.”

“ಎಲ್ಲಿಗೆ?”

ಅರ್ಥವಾಗದಷ್ಟು ದಡ್ಡ ನಾನಲ್ಲ. ಅವಳ ಬಾಯಿಂದಲೇ ಕೇಳಬೇಕಿತ್ತು. ಅವಳು ಈ ಸಲ ನಗು ತಡೆಯಲಿಲ್ಲ.

“ಮನೆಗೆ,” ಎಂದಳು. “ನಮ್ಮನೆಗೆ.”