ಗೋಡೆಯ ಮೇಲಿನ ಎರಡು ಮೊಳೆ

ಪೊಲೀಸ್ ಠಾಣೆಗೆ ಜನ ಬರುವುದು ಇನ್ನೊಬ್ಬರ ಮೇಲೆ ದೂರು ಕೊಡಲು. ತಮ್ಮ ಮೇಲೆ ತಾವೇ ದೂರು ಹೊತ್ತು ತರುವವರನ್ನು ಇನ್‌ಸ್ಪೆಕ್ಟರ್ ಬೋರಯ್ಯ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ. 2003ರ ಅಕ್ಟೋಬರ್ 9, ಗುರುವಾರ, ಬೆಳಿಗ್ಗೆ 10.20ಕ್ಕೆ ಅಂಥವಳೊಬ್ಬಳು ಬಂದು ಅವರ ಮೇಜಿನ ಮುಂದೆ ನಿಂತಳು. ವಯಸ್ಸು ಮೂವತ್ತರ ಆಸುಪಾಸು. ಬಲಗೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಿದ್ದಳು.

“ನನ್ನ ಮ್ಯಾಲ ಕೇಸ್ ಹಾಕ್ರಿ ಸಾಹೇಬ್ರ.”

“ಏನಮ್ಮಾ ಮಾಡಿದೀರಾ?”

“ಮಧುಮತಿ ಅಕ್ಕಾರ ಕಣ್ಣ ಕಳದೀನ್ರಿ. ಪಾರವ್ವ ಅಂತ ನನ್ನ ಹೆಸರ. ಕರ್ಪೂರ ಹಚ್ಚಿದಾಕಿ ನಾನ.”

ಬೋರಯ್ಯನವರಿಗೆ ಆಗ ನೆನಪಾಯಿತು. ಠಾಣೆಯ ಕಡತದಲ್ಲಿ ಆ ಸಂಗತಿ ಆಗಲೇ ಮುಗಿದುಹೋಗಿತ್ತು. ಕುಮಾರಸ್ವಾಮಿ ಲೇಔಟಿನ ಆಚೆ, ದಿಣ್ಣೆಯ ಬದಿಯಲ್ಲಿ, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಒಂದು ಓಣಿಯಿದೆ. ಜಾಗದ ತಕರಾರು ಕೋರ್ಟಿನಲ್ಲಿದ್ದುದರಿಂದ ಅಲ್ಲಿಗೆ ಕರೆಂಟಿನ ಕಂಬ ಬಂದಿರಲಿಲ್ಲ. ಒಂದು ಟ್ರಸ್ಟಿನವರು ಅಲ್ಲಿ ಹೆಂಗಸರಿಗೆ ಹೊಲಿಗೆ ಕೇಂದ್ರ ತೆರೆದು ಸೋಲಾರ್ ದೀಪ ಹಾಕಿಸಿದ್ದರು. ಹಗಲು ಛಾವಣಿಯ ಮೇಲಿನ ಎರಡು ಫಲಕಗಳು ಬಿಸಿಲು ಕುಡಿದು, ಮರದ ಪೆಟ್ಟಿಗೆಯೊಳಗಿನ ಎರಡು ಬ್ಯಾಟರಿಗಳಿಗೆ ಕರೆಂಟು ತುಂಬುತ್ತಿದ್ದವು. ಸಂಜೆ ಅದರಿಂದ ನಾಲ್ಕು ಟ್ಯೂಬ್‌ಲೈಟ್ ಉರಿಯುತ್ತಿದ್ದವು. ಅಕ್ಟೋಬರ್ 4ರ ಶನಿವಾರ, ಆಯುಧಪೂಜೆ. ಮಧ್ಯಾಹ್ನ 12.40ಕ್ಕೆ ಹೆಂಗಸರು ಹೊಲಿಗೆ ಯಂತ್ರಗಳಿಗೆಲ್ಲ ಹೂವಿಟ್ಟು, ಕೊನೆಗೆ ಪೆಟ್ಟಿಗೆಯ ಮುಚ್ಚಳ ತೆಗೆದು ಬ್ಯಾಟರಿಗೂ ಕರ್ಪೂರದಾರತಿ ಬೆಳಗಿದರು. ಒಂದು ಬ್ಯಾಟರಿ ಸಿಡಿಯಿತು. ಹೂವಿಡಲು ಬಗ್ಗಿದ್ದ ಟೀಚರ್ ಮಧುಮತಿಯ ಮುಖಕ್ಕೆ ಆಸಿಡ್ ಚಿಮ್ಮಿತು. ಸಂಜೆ ಐದಕ್ಕೆ ಹೆಡ್ ಕಾನ್‌ಸ್ಟೆಬಲ್ ಬೈಲಪ್ಪ ಹೋಗಿ ಪಂಚನಾಮೆ ಮಾಡಿದ. ಕರ್ಪೂರದ ಬೆಂಕಿಯಿಂದ ಆಕಸ್ಮಿಕ, ಯಾರ ಮೇಲೂ ಅನುಮಾನವಿಲ್ಲ. ಅಷ್ಟೇ.

“ನಿಮ್ಮದು ತಪ್ಪಿಲ್ಲ ಅಂತ ನಾವೇ ಬರೆದಿದೀವಲ್ಲಮ್ಮ. ಹೋಗಿ, ಮನೆ ನೋಡ್ಕೊಳ್ಳಿ.”

“ಹಂಗಂತ ನೀವು ಬರದೀರಿ. ಓಣ್ಯಾಗ ಯಾರೂ ಹಂಗ ಬರದಿಲ್ರಿ. ನೀರಿಗೆ ಹೋದ್ರ ಕೊಡ ಎತ್ಕೊಂಡ ಸರೀತಾರ. ನನ್ನ ಗಂಡ ನಾ ಹಚ್ಚಿದ ಒಲಿ ಮ್ಯಾಲಿನ ಊಟಾ ಒಲ್ಲೆ ಅಂತಾನ. ಜೇಲಿನ್ಯಾಗ ಕುಂತ್ರ ಶಿಕ್ಷಾ ಆತು ಅಂತಾದ್ರೂ ಅಂತಾರ. ಹೊರಗ ಹಿಂಗ ಎಷ್ಟ ದಿನ ಇರ್ಲಿ?”

ಸಮಾಧಾನ ಹೇಳಿ ಕಳಿಸೋಣವೆಂದು ಬೋರಯ್ಯ ಪಂಚನಾಮೆ ತರಿಸಿ ಓದತೊಡಗಿದರು. ನಾಚಿಕೆಗೇಡಿನ ಮಾತೆಂದರೆ, ಕೆಳಗೆ ಅವರದೇ ಸಹಿಯಿದ್ದ ಆ ಕಾಗದವನ್ನು ಅವರು ಓದುತ್ತಿದ್ದುದು ಅದೇ ಮೊದಲು. ಅವತ್ತು ಸಂಜೆ ಠಾಣೆಯಲ್ಲೂ ಆಯುಧಪೂಜೆ. ಬಾಳೆಕಂದು ಕಟ್ಟಿದ ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು, ಒಂದು ಕೈಯಲ್ಲಿ ಕಡ್ಲೆಪುರಿ ಹಿಡಿದುಕೊಂಡೇ ಸಹಿ ಎಳೆದಿದ್ದರು. ಆ ಜೀಪಿಗೂ ಕರ್ಪೂರ ಹಚ್ಚಿದ್ದರು. ಯಾರ ಕಣ್ಣಿಗೂ ಏನೂ ಆಗಿರಲಿಲ್ಲ.

“ಬೈಲಪ್ಪ, ‘ಚಾರ್ಜ್ ಕಂಟ್ರೋಲರ್ ಗೋಡೆಯ ಮೇಲೆ ಸುಸ್ಥಿತಿಯಲ್ಲಿದೆ’ ಅಂತ ಬರೆದಿದೀರಲ್ಲ. ಏನ್ರೀ ಅದು ಕಂಟ್ರೋಲರ್ ಅಂದ್ರೆ?”

ಬೈಲಪ್ಪ ಕೆಮ್ಮಿದ. “ಒಂದು ಡಬ್ಬಿ ಸಾರ್.”

“ಸುಸ್ಥಿತಿಯಲ್ಲಿದೆ ಅಂತ ಹೆಂಗ್ ಗೊತ್ತಾಯ್ತು?”

“ರೇವಣಸಿದ್ದಪ್ಪನವ್ರು ಹೇಳಿದ್ರು ಸಾರ್. ಅಲ್ಲಿನ ಸೋಲಾರ್ ನೋಡ್ಕೊಳ್ಳೋರು. ನಮಗೆ ಆ ಹೆಸರೆಲ್ಲ ಬರಲ್ವಲ್ಲ, ಅವ್ರನ್ನೇ ಪಂಚರಾಗಿ ಕೂರಿಸ್ಕೊಂಡೆ. ಅವ್ರು ಹೇಳ್ತಾ ಹೋದ್ರು, ನಾನು ಬರ್ಕೊಂಡೆ.”

“ಭೇಷ್!” ಎಂದರು ಬೋರಯ್ಯ. ಬೈಲಪ್ಪ ನೆಲ ನೋಡಿದ. ಬೈಯಬೇಕೆಂದು ಬಾಯಿ ತೆರೆದವರಿಗೆ ಹಾಳೆಯ ಕೆಳಗಿನ ತಮ್ಮ ಸಹಿ ಕಂಡಿತು.

11.05ಕ್ಕೆ ಪಾರವ್ವನ ಹೇಳಿಕೆಯ ಮೇಲೆ ಎಫ್‌ಐಆರ್ ದಾಖಲಾಯಿತು. ಯಂತ್ರೋಪಕರಣದ ವಿಷಯದಲ್ಲಿ ಅಜಾಗರೂಕತೆ, ಅದರಿಂದ ತೀವ್ರ ಗಾಯ. ಐಪಿಸಿ ಕಲಂ 287 ಮತ್ತು 338. ಆರೋಪಿಯ ಹೆಸರು ಬರೆಯುವ ಜಾಗದಲ್ಲಿ ಪಾರವ್ವ ಹಟ ಹಿಡಿದರೂ ಬೋರಯ್ಯ ಅವಳ ಹೆಸರು ಬರೆಸಲಿಲ್ಲ. ‘ತನಿಖೆಯಿಂದ ತಿಳಿಯಬೇಕಿದೆ’ ಎಂದು ಬರೆಸಿದರು.

ಮರುದಿನ, ಶುಕ್ರವಾರ 11.30ಕ್ಕೆ, ಅವರು ಹೊಲಿಗೆ ಕೇಂದ್ರಕ್ಕೆ ಹೋದರು. ಜೆ.ಪಿ. ನಗರದಲ್ಲಿ ಬ್ಯಾಟರಿ ಅಂಗಡಿಯಿಟ್ಟುಕೊಂಡಿದ್ದ ಕರೆಪ್ಪನನ್ನು ಜೊತೆಗೆ ಕರೆದುಕೊಂಡಿದ್ದರು. ಸಿಡಿದ ಬ್ಯಾಟರಿ ಚೂರಾಗಿತ್ತು. ಪಕ್ಕದ್ದು ಹಾಗೇ ಇತ್ತು. ಕರೆಪ್ಪ ಅದರ ಬಿರಡೆ ತಿರುಗಿಸಿ ಒಳಗೆ ಟಾರ್ಚ್ ಬಿಟ್ಟು ನೋಡಿ ನಾಲಿಗೆ ಕಚ್ಚಿಕೊಂಡ.

“ಅಯ್ಯಯ್ಯೋ, ನೀರೇ ಇಲ್ಲ ಸಾರ್ ಇದ್ರಲ್ಲಿ. ಪ್ಲೇಟೆಲ್ಲ ಒಣಗೋಗಿದೆ. ಮೈ ನೋಡಿ, ಹೆಂಗ್ ಊದ್ಕೊಂಡಿದೆ. ಓವರ್‌ಚಾರ್ಜ್ ಇದು.”

“ಹಂಗಂದ್ರೆ?”

“ಹೊಟ್ಟೆ ತುಂಬಿದ ಮಗುಗೆ ಬಾಯಿಗೆ ತುರುಕ್ತಾನೇ ಇದ್ರೆ ಏನಾಗುತ್ತೆ ಸಾರ್? ಬ್ಯಾಟ್ರಿ ತುಂಬಿದ ಮೇಲೂ ಕರೆಂಟು ನುಗ್ತಾ ಇದ್ರೆ ಒಳಗಿನ ನೀರು ಕುದ್ದಂಗೆ ಗುಳ್ಳೆ ಬಂದು ಗ್ಯಾಸ್ ಆಗುತ್ತೆ. ಮುಚ್ಚಿದ ಪೆಟ್ಟಿಗೇಲಿ ಗ್ಯಾಸ್ ತುಂಬ್ಕೊಂಡಿದ್ರೆ ಒಂದು ಕಿಡಿ ಸಾಕು. ಕರ್ಪೂರ ಇಲ್ದಿದ್ರೆ ಇನ್ನೊಂದಿನ ಸ್ವಿಚ್ಚು ಹಾಕುವಾಗ ಸಿಡೀತಿತ್ತು. ಅದಕ್ಕೇ ಅಲ್ವಾ ಗೋಡೆ ಮೇಲೆ ಆ ಡಬ್ಬಿ ಹಾಕೋದು? ಬ್ಯಾಟ್ರಿ ತುಂಬಿದ ತಕ್ಷಣ ಅದೇ ಕರೆಂಟು ನಿಲ್ಲಿಸುತ್ತೆ.”

“ಮತ್ತೆ ಯಾಕೆ ನಿಲ್ಲಿಸ್ಲಿಲ್ಲ?”

ಕರೆಪ್ಪ ಗೋಡೆಯಿಂದ ಕಂಟ್ರೋಲರ್ ಇಳಿಸಿ, ಸ್ಕ್ರೂ ಬಿಚ್ಚಿದ. ಒಳಗೆ ಕರಿ ಮಸಿ. ಮೂಗಿನ ಹತ್ತಿರ ಹಿಡಿದು ನೋಡಿದ. ಸುಟ್ಟ ವಾಸನೆಯೂ ಆರಿಹೋಗಿತ್ತು.

“ಇದು ಸತ್ತು ತಿಂಗಳಾಗಿದೆ ಸಾರ್. ಇದ್ರ ಮೂಲಕ ಕರೆಂಟು ಹೋಗೋದೇ ಇಲ್ಲ.” ಅಷ್ಟು ಹೇಳಿ ಅವನೇ ತಡೆದು ನಿಂತ. “ಅಲ್ಲಾ, ಇದ್ರಲ್ಲಿ ಕರೆಂಟೇ ಹೋಗಲ್ಲ ಅಂದ್ಮೇಲೆ ಬ್ಯಾಟ್ರಿ ತುಂಬಿದ್ದು ಹೆಂಗೆ?”

ಉತ್ತರ ವೈರಿನಲ್ಲಿತ್ತು. ಛಾವಣಿಯಿಂದ ಇಳಿದ ವೈರಿನ ತುದಿಯಲ್ಲಿ, ಬ್ಯಾಟರಿಯ ವೈರಿಗೆ ನೇರವಾಗಿ ಹೆಣೆದು ಸುತ್ತಿದ್ದ ಗುರುತು ಇನ್ನೂ ಇತ್ತು. ಕರಿ ಟೇಪಿನ ಅಂಟು ಹಾಗೇ ಮೆತ್ತಿತ್ತು. ಡಬ್ಬಿಯನ್ನು ಬಿಟ್ಟು ಯಾರೋ ಬಿಸಿಲನ್ನು ನೇರವಾಗಿ ಬ್ಯಾಟರಿಗೆ ಕೊಟ್ಟಿದ್ದರು. ಆಮೇಲೆ ಬಿಚ್ಚಿ, ಸತ್ತ ಡಬ್ಬಿಯನ್ನು ನಡುವೆ ತಂದು ಸಿಕ್ಕಿಸಿದ್ದರು. ಡಬ್ಬಿ, ವೈರು, ಉಳಿದ ಬ್ಯಾಟರಿ ಮೂರನ್ನೂ ಪಂಚರ ಮುಂದೆ ಜಪ್ತಿ ಮಾಡಲಾಯಿತು. ಈ ಸಲ ಪ್ರತಿ ಸಾಲನ್ನೂ ಬೋರಯ್ಯ ಓದಿಸಿ ಕೇಳಿದರು.

ಶನಿವಾರ ಬೆಳಿಗ್ಗೆ 10.45ಕ್ಕೆ ಮಹಿಳಾ ಕಾನ್‌ಸ್ಟೆಬಲ್ ಸೀತಮ್ಮನ ಜೊತೆ ಕಣ್ಣಾಸ್ಪತ್ರೆ. ಮಧುಮತಿಯ ಎರಡು ಕಣ್ಣಿಗೂ ಪಟ್ಟಿ ಕಟ್ಟಿದ್ದರು. ಎಡಗಣ್ಣು ಹೋಗಿದೆ, ಬಲಗಣ್ಣು ಪಟ್ಟಿ ಬಿಚ್ಚಿದ ಮೇಲೆ ನೋಡಬೇಕು ಎಂದು ಡಾಕ್ಟರು ಹೊರಗೇ ಹೇಳಿದ್ದರು.

“ಗೋಡೆ ಮೇಲೆ ಒಂದು ಡಬ್ಬಿ ಇತ್ತಲ್ಲಮ್ಮ?”

“ಮೊದ್ಲು ಇತ್ತು ಸಾರ್. ಗಣೇಶನ ಹಬ್ಬ ಆದ ಮೇಲೆ ಇರ್ಲಿಲ್ಲ. ರಿಪೇರಿ ಅಂತ ಇಂಜಿನಿಯರ್ ಸಾರ್ ತಗೊಂಡೋಗಿದ್ರು. ಎರಡು ಮೊಳೆ ಖಾಲಿ ಇತ್ತಲ್ಲ, ಅಳತೆ ಟೇಪು ನೇತಾಕ್ತಿದ್ವಿ.”

“ಇಂಜಿನಿಯರ್ ಅಂದ್ರೆ ರೇವಣಸಿದ್ದಪ್ಪನಾ?”

“ಹೂಂ ಸಾರ್. ಆಮೇಲಾಮೇಲೆ ಪೆಟ್ಟಿಗೆ ಒಳಗೆ ಗುಳುಗುಳು ಅಂತ ಸದ್ದು ಬರೋದು. ಕೊಳೆತ ಮೊಟ್ಟೆ ವಾಸನೆ. ಹೇಳಿದೆ. ಚೆನ್ನಾಗಿ ಚಾರ್ಜ್ ಆಗ್ತಿದೆ, ಖುಷಿ ಪಡಿ ಅಂದ್ರು. ಹಬ್ಬಕ್ಕೆ ಅಂತ ಕೆಲಸ ನಿಲ್ಲಿಸಿದ್ವಿ, ಎರಡು ದಿನದಿಂದ ದೀಪಾನೂ ಹಾಕಿರ್ಲಿಲ್ಲ, ಕರೆಂಟು ಖರ್ಚೇ ಆಗಿರ್ಲಿಲ್ಲ.”

ಬೋರಯ್ಯ ಎದ್ದರು. ಹಾಸಿಗೆಯಿಂದ ಅವಳೇ ಕೇಳಿದಳು. “ಸಾರ್, ಪಾರವ್ವ ಯಾಕೆ ಬಂದಿಲ್ಲ? ಆರತಿ ನೀನೇ ಬೆಳಗು ಅಂತ ತಟ್ಟೆ ಕೊಟ್ಟೋಳು ನಾನೇ. ಅವಳ ಕೈ ಸುಟ್ಟಿತ್ತು, ಕಿರುಚಿದ್ದು ಕೇಳಿಸ್ತು. ವಾಸಿ ಆಯ್ತಾ?”

ಮುಕ್ಕಾಲು ಗಂಟೆ ಪಾರವ್ವ ಬೋರಯ್ಯನವರ ಎದುರು ನಿಂತಿದ್ದಳು. ಸೆರಗಿನೊಳಗಿನ ಕೈ ಯಾಕೆ ಹೊರಗೆ ಬರುತ್ತಿಲ್ಲವೆಂದು ಅವರು ಕೇಳಿರಲಿಲ್ಲ. ಕೂತ್ಕೊಳಮ್ಮಾ ಅಂತಲೂ ಅಂದಿರಲಿಲ್ಲ. ಮೆಟ್ಟಿಲಿಳಿಯುವಾಗ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

ಹೇಳಿಕೆಯೊಂದೇ ಸಾಲದು, ಸಾಕ್ಷ್ಯ ಬೇಕು. ಅದನ್ನು ಹುಡುಕಿಕೊಟ್ಟವಳು ಸೀತಮ್ಮ. “ಆಯುಧಪೂಜೆ ಅಂದ್ರೆ ಒಂದು ಗ್ರೂಪ್ ಫೋಟೊನಾದ್ರೂ ಹೊಡಿಸಿರ್ತಾರೆ ಸಾರ್,” ಎಂದಳು. ಹೊಡೆಸಿದ್ದರು. ಕುಮಾರಸ್ವಾಮಿ ಲೇಔಟಿನ ಸ್ಟುಡಿಯೊದ ಸೋಮನಾಥ್ ಆರತಿಗೆ ಮುಂಚೆ ಎರಡು ಫೋಟೊ ತೆಗೆದು ಇನ್ನೊಂದು ಪೂಜೆಗೆ ಓಡಿದ್ದ. ಅನಾಹುತವಾದ ಮೇಲೆ ಫೋಟೊ ಕೇಳಲು ಯಾರು ಬರುತ್ತಾರೆ? ರೋಲು ಕ್ಯಾಮೆರಾದಲ್ಲೇ ಇತ್ತು. ಸೋಮವಾರ, 13ರ ಸಂಜೆ ನಾಲ್ಕಕ್ಕೆ ಫೋಟೊ ತೊಳೆದು ಬಂತು. ಹೂವು ಮುಡಿದ ಹನ್ನೊಂದು ಹೆಂಗಸರು, ಕುಂಕುಮವಿಟ್ಟ ಯಂತ್ರಗಳು, ನಡುವೆ ಎರಡೂ ಕಣ್ಣು ಅರಳಿಸಿ ನಗುತ್ತಿದ್ದ ಮಧುಮತಿ. ಅವರ ಹಿಂದಿನ ಗೋಡೆಯಲ್ಲಿ ಡಬ್ಬಿ ಇರಲಿಲ್ಲ. ಎರಡು ಮೊಳೆ, ಒಂದರಲ್ಲಿ ಹಳದಿ ಅಳತೆ ಟೇಪು.

ಮಂಗಳವಾರ, 14ರಂದು ಬೆಳಿಗ್ಗೆ 9.50ಕ್ಕೆ ರೇವಣಸಿದ್ದಪ್ಪನನ್ನು ತಿಲಕ್ ನಗರದ ಅವನ ರೇಡಿಯೊ ರಿಪೇರಿ ಅಂಗಡಿಯಿಂದ ಠಾಣೆಗೆ ಕರೆತಂದರು. ಐವತ್ನಾಲ್ಕು ವರ್ಷ, ಇಸ್ತ್ರಿ ಮಾಡಿದ ಶರ್ಟು, ಜೇಬಿನಲ್ಲಿ ಟೆಸ್ಟರು, ಹಣೆಯಲ್ಲಿ ವಿಭೂತಿ. ಬೋರಯ್ಯ ಫೋಟೊವನ್ನು ಮೇಜಿನ ಮೇಲಿಟ್ಟರು.

“ಇದು ಹನ್ನೆರಡೂವರೆಗೆ ತೆಗೆದಿದ್ದು. ಡಬ್ಬಿ ಇಲ್ಲ. ಐದು ಗಂಟೆ ಪಂಚನಾಮೆಯಲ್ಲಿ ಡಬ್ಬಿ ಇದೆ. ನಡುವೆ ಯಾರು ತಂದು ಹಾಕಿದ್ರು?”

ಅವನು ಫೋಟೊ ನೋಡಿದ. ಬಹಳ ಹೊತ್ತು ನೋಡಿದ್ದು ಗೋಡೆಯನ್ನಲ್ಲ, ಮಧುಮತಿಯ ಮುಖವನ್ನು.

“ನಾನೇ ಸಾರ್. ಎರಡೂಮುಕ್ಕಾಲಿಗೆ. ಎಲ್ರೂ ಆಸ್ಪತ್ರೆಗೆ ಹೋಗಿದ್ರು.”

“ಡಬ್ಬಿ ಸುಟ್ಟಿದ್ದು ಹೇಗೆ?”

“ರಿಪೇರಿ ಮಾಡೋಕೆ ಬಿಚ್ಚಿದೆ. ವಾಪಸ್ ಕನೆಕ್ಷನ್ ಕೊಡುವಾಗ ವೈರು ಅದಲುಬದಲಾಯ್ತು. ಚಟ್ ಅಂತು, ಹೋಯ್ತು.”

“ಟ್ರಸ್ಟಿನವರಿಗೆ ಹೇಳಿದ್ರೆ ಬೇರೆ ತರಿಸ್ತಿರ್ಲಿಲ್ವಾ?”

“ತರಿಸ್ತಿದ್ರು ಸಾರ್. ಒಂದು ಮಾತೂ ಅಂತಿರ್ಲಿಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ರೇವಣಸಿದ್ದಪ್ಪ ಟೆಸ್ಟರನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ.

“ಮೂವತ್ತು ವರ್ಷ ರೇಡಿಯೊ ನೋಡಿದೋನು ಸಾರ್ ನಾನು. ಈಗ ರೇಡಿಯೊ ತರೋರೇ ಇಲ್ಲ. ಸೋಲಾರ್ ಬರುತ್ತಾ ಅಂತ ಟ್ರಸ್ಟಿನವರು ಕೇಳಿದ್ರು, ಬರುತ್ತೆ ಅಂದ್ಬಿಟ್ಟೆ. ಆ ಹೆಣ್ಣುಮಕ್ಕಳು ಇಂಜಿನಿಯರ್ ಸಾರ್ ಅಂತ ಕುರ್ಚಿ ಹಾಕೋರು. ಅವ್ರ ಮುಂದೆ ನನಗೆ ಗೊತ್ತಿಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ದೀಪ ಹತ್ತಿದ್ರೆ ಸಾಕು ಅಂತ ಬ್ಯಾಟ್ರಿಗೆ ನೇರ ಕರೆಂಟು ಕೊಟ್ಟೆ. ನಾಲ್ಕೇ ದಿನ ಅಂದ್ಕೊಂಡೆ.”

“ಅವತ್ತು ಪಾರವ್ವನ್ನ ಓಣಿಯೋರು ಬೈತಿದ್ದಾಗ ಎಲ್ಲಿದ್ರಿ?”

“ಅಲ್ಲೇ ನಿಂತಿದ್ದೆ.”

“ಏನಂದ್ರಿ?”

ಸೀತಮ್ಮ ಅವನಿಗೆ ನೀರು ಕೊಟ್ಟಳು. ಕುಡಿಯಲಿಲ್ಲ.

“ಕರ್ಪೂರ ಹಚ್ಚಬಾರದಿತ್ತು ಕಣಮ್ಮಾ ಅಂದೆ ಸಾರ್.”

11.15ಕ್ಕೆ ದಸ್ತಗಿರಿ ಮೆಮೊಗೆ ಅವನ ಸಹಿಯಾಯಿತು. ಸಾಕ್ಷ್ಯ ಮರೆಮಾಡಿದ್ದಕ್ಕೆ ಕಲಂ 201 ಸೇರಿತು. ಬೈಲಪ್ಪ ಹೇಳಿಕೆಯನ್ನು ಓದಿ ಹೇಳುತ್ತಾ, ‘ಗೊತ್ತಿಲ್ಲ ಎಂದು ಹೇಳಲು ನಾಚಿಕೆಯಾಯಿತು’ ಎಂಬ ಸಾಲಿಗೆ ಬಂದು ನಿಂತ.

“ಸಾರ್, ಇದು ಬೇಕಾ? ಕೇಸಿಗೆ ಏನೂ ಸಂಬಂಧ ಇಲ್ಲ.”

“ಇರ್ಲಿ. ಕೇಸ್ ಡೈರಿಯಲ್ಲಿ ನಮ್ಮದೂ ಒಂದು ಸಾಲು ಬರ್ಕೊಳಿ. ಮೊದಲನೇ ಪಂಚನಾಮೆಯನ್ನು ಆರೋಪಿಯ ಬಾಯಿಂದಲೇ ಬರೆಸಿಕೊಳ್ಳಲಾಗಿದೆ. ಠಾಣಾಧಿಕಾರಿ ಅದನ್ನು ಓದದೆ ಸಹಿ ಮಾಡಿರುತ್ತಾರೆ.”

“ಮೇಲಿನೋರು ಮೆಮೊ ಕೊಡ್ತಾರೆ ಸಾರ್.”

“ಕೊಡ್ಲಿ.”

ಮಧ್ಯಾಹ್ನ ಒಂದಕ್ಕೆ ಸ್ಥಳ ಮಹಜರಿಗೆ ಅವನನ್ನು ಓಣಿಗೆ ಕರೆದೊಯ್ದರು. ಪಂಚರು ಬೇಕಿತ್ತು. ಪಾರವ್ವನನ್ನು ಎಲ್ಲರಿಗಿಂತ ಜೋರಾಗಿ ಬೈದವರು ಯಾರೆಂದು ಸೀತಮ್ಮ ವಿಚಾರಿಸಿಟ್ಟಿದ್ದಳು. ಬೋರಯ್ಯ ಆ ಇಬ್ಬರು ಹೆಂಗಸರನ್ನೇ ಕರೆದು ಮುಂದೆ ನಿಲ್ಲಿಸಿದರು. ರೇವಣಸಿದ್ದಪ್ಪ ಎರಡು ಮೊಳೆ ತೋರಿಸಿದ. ವೈರು ಎಲ್ಲಿ ಹೆಣೆದಿದ್ದೆನೆಂದು ತೋರಿಸಿದ. ಎಲ್ಲವನ್ನೂ ಗಟ್ಟಿಯಾಗಿ ಹೇಳಿಸಿದರು. ಹೊರಗೆ ಓಣಿಯೆಲ್ಲ ಕಿವಿಯಾಗಿತ್ತು. ಆ ಇಬ್ಬರೂ ತಲೆಯೆತ್ತದೆ ಹೆಬ್ಬೆಟ್ಟೊತ್ತಿದರು.

ಪಾರವ್ವ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ಅವಳ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ. ಅವನು ಎದುರಿಗೆ ಬಂದಾಗ ಇಷ್ಟೇ ಕೇಳಿದಳು.

“ಹತ್ತ ದಿನಾ ಆತಲ್ರಿ ಅಣ್ಣಾರ. ನನಗಷ್ಟರ ಒಂದ ಮಾತ ಹೇಳಬಾರದೇನ್ರಿ? ನಾ ಯಾರಿಗೂ ಹೇಳ್ತಿದ್ದಿಲ್ಲ.”

ರೇವಣಸಿದ್ದಪ್ಪ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೈಲಪ್ಪ ಅವನನ್ನು ಇನ್ನೊಂದು ವಾಹನದಲ್ಲಿ ಕೂರಿಸಿದ.

“ಮಧುಮತಿ ನಿಮ್ಮನ್ನ ಕೇಳ್ತಿದ್ರಮ್ಮ,” ಎಂದರು ಬೋರಯ್ಯ. “ಕೈ ವಾಸಿ ಆಯ್ತಾ ಅಂತ. ನಾನು ನೋಡೇ ಇಲ್ಲ ಅಂತ ಹೇಳೋಕೆ ನನಗೂ ನಾಚಿಕೆ ಆಯ್ತು. ಏನು ಹೇಳಲಿ?”

ಓಣಿಯವರೆಲ್ಲ ನೋಡುತ್ತಿದ್ದಂತೆ ಪಾರವ್ವ ಸೆರಗಿನಿಂದ ಬಲಗೈ ಹೊರತೆಗೆದಳು. ಅಂಗೈಯಿಂದ ಮೊಣಕೈವರೆಗೆ ಬೊಬ್ಬೆಯೆದ್ದು ಒಡೆದಿತ್ತು. ಅದಕ್ಕೆ ಮದ್ದು ಹಾಕಿರಲಿಲ್ಲ.

“ನಾನ ಹೇಳ್ತೀನ್ರಿ ಅಕ್ಕಾರಿಗೆ,” ಎಂದು ಅದೇ ಕೈಯಲ್ಲಿ ಜೀಪಿನ ಕಂಬಿ ಹಿಡಿದು ಹತ್ತಿ ಕೂತಳು.