ಒಂದೇ ಸಲ ಬಡಿದ ಫೋನು

"ಆಪರೇಟರಮ್ಮ, ಆ ಜೀವ ನನ್ನಿಂದ ಹೋಗಿಲ್ಲ," ಎಂದವಳೇ ಆಕ್ಸಿಜನ್ ಸಿಲಿಂಡರ್ ಅಂಗಡಿಯ ಸೊಸೆ ಆಪರೇಟರಮ್ಮನ ಮನೆಯ ಹೊಸ್ತಿಲಲ್ಲೇ ಕೂತುಬಿಟ್ಟಳು.

ಹರಟೆಗೆ ಬಂದಿದ್ದ ಪಕ್ಕದ ದರ್ಜಿ ಎದ್ದು ಸ್ಟೂಲು ಬಿಟ್ಟುಕೊಟ್ಟ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಿವಿ ತೇದ ಈ ಮುದುಕಿಯ ಮುಂದೆ ಸುಳ್ಳು ನಿಲ್ಲದೆಂದು ಅವನು ಬಲ್ಲ.

ಹಿಂದಿನ ಮಧ್ಯಾಹ್ನ ಟೀಚರೊಬ್ಬಳು ಉಬ್ಬಸದ ತಂದೆಗಾಗಿ ಅಂಗಡಿಗೆ ಫೋನ್ ಮಾಡಿದ್ದಳು. "ಹೂಂ, ಕಳಿಸ್ತೀವಿ" ಎಂದಿತ್ತು ಯಾರದೋ ದನಿ. ಸಿಲಿಂಡರು ಹೋಗಲಿಲ್ಲ. ಸಂಜೆಗೆ ಮುದುಕರು ತೀರಿಕೊಂಡರು. ಫೋನಿಗೆ ಕೂರುವವಳು ಸೊಸೆ. ಮಾವ ಅವಳಿಗೆ, "ಅಂಗಡೀಗೂ ಬರಬೇಡ, ಮನೇಗೂ ಬರಬೇಡ" ಎಂದಿದ್ದರು.

"ಫೋನು ಬಡೀತಾ?"

"ಒಂದೇ ಸಲ. ಕೈ ಚಾಚೋ ಹೊತ್ತಿಗೆ ನಿಂತೋಯ್ತು. ರಾಂಗ್ ನಂಬರ್ ಅಂದ್ಕೊಂಡೆ."

"ಮನೇವ್ರು?"

"ಇವರು ಲೋಡ್ ತಗೊಂಡು ಹೋಗಿದ್ರು. ಮಾವ ಮಹಡಿ ಮೇಲೆ ಮಲಗಿದ್ರು."

ಆಪರೇಟರಮ್ಮ ಅಂಗಡಿಗೆ ಹೋದಾಗ ಆರ್ಡರು ಬರೆಯುವ ಸ್ಲೇಟು ಖಾಲಿಯಿತ್ತು. ಮಾವ ಕಣ್ಣೆತ್ತದೆ ಹೇಳಿದರು: "ಹಳೇ ಗಿರಾಕಿ ಕಣಮ್ಮ. ಒಂದು ಸಿಲಿಂಡರು, ಒಂದು ಮಾಸ್ಕು. ಬರೆಯೋಕೆ ಎಷ್ಟು ಹೊತ್ತು?"

"ಈ ಫೋನು ಹೊಸದಾ?"

"ಇಂಟರ್‌ನೆಟ್ಟಿಂದು. ಮೊನ್ನೆ ಸಂಜೆ ತಾನೇ ಹಾಕಿದ್ದು. ಕೆಳಗೊಂದು, ನನ್ನ ಮಂಚದ ಹತ್ರ ಒಂದು, ಹಿಂದಿನ ಥರಾನೇ."

ಸಂಜೆ ಆಪರೇಟರಮ್ಮ ಟೀಚರನ್ನೂ ಅಂಗಡಿಗೆ ಕರೆಸಿದಳು. ದರ್ಜಿಯನ್ನು ಮಹಡಿಗೆ ಕಳಿಸಿ, ತನ್ನ ಮೊಬೈಲಿಂದ ಅಂಗಡಿಗೆ ಫೋನ್ ಮಾಡಿದಳು. ಎರಡೂ ಕಡೆ ಬಡಿಯಿತು. ದರ್ಜಿ ಮೇಲೆ ಎತ್ತಿದ. ಕೆಳಗಿನದು ಥಟ್ಟನೆ ಸುಮ್ಮನಾಯಿತು.

"ಎತ್ತಿ ಕೇಳಮ್ಮ," ಎಂದಳು ಸೊಸೆಗೆ.

"ಏನೂ ಮಾತಿಲ್ಲ. ಬರೀ ಗುಂಯ್ ಅಂತಿದೆ."

"ಹಳೇ ಲೈನಲ್ಲಿ ಒಬ್ರು ಎತ್ತಿದ್ರೂ ಇನ್ನೊಬ್ರಿಗೆ ಕೇಳೋದು. ಮಾವ ಮೇಲೆ ಹೂಂ ಅಂದ್ರೆ ಸೊಸೆ ಕೆಳಗೆ ಕೇಳಿಸ್ಕೊಂಡು ಬರ್ಕೊಳ್ಳೋಳು. ಈ ಫೋನು ಹಾಗಲ್ಲ. ಒಬ್ರು ಎತ್ತಿದ್ರೆ ಇನ್ನೊಂದು ಸತ್ತಂಗೆ. ನಿನ್ನೆ ಒಂದೇ ಸಲ ಬಡಿದು ನಿಂತಿದ್ದು ಅದಕ್ಕೇ." ಆಪರೇಟರಮ್ಮ ಟೀಚರತ್ತ ತಿರುಗಿದಳು. "ಮಾಸ್ಕ್ ಬೇಕು ಅಂತ ಯಾರಿಗೆ ಹೇಳಿದ್ದೆ?"

"ಫೋನಲ್ಲಿ ಮಾತ್ರ. ಆಗ ತಾನೇ ಹರಿದಿತ್ತು. ಅಪ್ಪನ ಗೊರಗೊರದಲ್ಲಿ ಎತ್ತಿದ್ದು ಯಾರು ಅಂತಾನೂ ತಿಳೀಲಿಲ್ಲ."

"ಹಾಗಾದ್ರೆ ಮಹಡಿ ಮೇಲೆ ಮಲಗಿದ್ದೋರಿಗೆ ಮಾಸ್ಕಿನ ವಿಷಯ ಹೇಗೆ ಗೊತ್ತು, ಯಜಮಾನ್ರೇ?"

ಎಲ್ಲರ ಕಣ್ಣೂ ಮಾವನತ್ತ ಹೊರಳಿತು. ಅವರು ಸಿಲಿಂಡರೊಂದಕ್ಕೆ ಕೈಯೂರಿದರು.

"ಇವಳು ಕೇಳಿಸ್ಕೊತಿದ್ದಾಳೆ ಅಂದ್ಕೊಂಡಿದ್ದೆ. ಸಾವಿನ ಸುದ್ದಿ ಬಂದಾಗ ಖಾಲಿ ಸ್ಲೇಟು ನೋಡ್ದೆ, ಆಗ ಹೊಳೀತು. ನಾನೇ ಅನ್ನೋಕೆ ಬಾಯಿ ಬರಲಿಲ್ಲ."

"ಗೊತ್ತಿಲ್ಲದೆ ಆದ ತಪ್ಪಿಗೆ ಕ್ಷಮೆ ಇದೆ," ಎಂದಳು ಆಪರೇಟರಮ್ಮ. "ಅದನ್ನ ಇವಳ ತಲೆಗೆ ಕಟ್ಟಿದ್ದಕ್ಕೆ ಇವಳನ್ನೇ ಕೇಳಿ."

ಟೀಚರು ಸೊಸೆಯ ಭುಜ ಮುಟ್ಟಿ, ಅಂಗಡಿಯ ಮೆಟ್ಟಿಲಿಳಿದು ಹೋದಳು.

ಫೋನು ಬಡಿಯಿತು. ಮಾವ ರೂಢಿಯಂತೆ ಸೊಸೆಯ ಮುಖ ನೋಡಿದರು. ಅವಳು ಕದಲಲಿಲ್ಲ. ಮೂರನೇ ಸಲಕ್ಕೆ ಅವರೇ ಎತ್ತಿದರು. "ನಿಧಾನ ಹೇಳಿ, ಬರ್ಕೋತೀನಿ," ಎನ್ನುತ್ತ ಬಳಪಕ್ಕೆ ತಡಕಾಡಿದರು.