ಕಿಟಕಿ ಮನೆಯ ಗೊಂಬೆಗಳು

ಟಿಕ್.

ಮಾನ್ಯ ಕಣ್ಣು ಬಿಟ್ಟಳು. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಹೊರಗೆ ಚಾಮರಾಜಪೇಟೆಯ ರಸ್ತೆಯಲ್ಲಿ ಒಂದು ಆಟೋ ಹೋಗಿ ಸದ್ದಡಗಿತು. ಆಮೇಲೆ ಮತ್ತೆ ಅದೇ. ಟಿಕ್. ಯಾರೋ ಉಗುರಿನಿಂದ ಮರವನ್ನು ತಟ್ಟಿದ ಹಾಗೆ.

"ಅಣ್ಣ, ಕೇಳಿಸ್ತಾ?" ಪಕ್ಕದ ಹಾಸಿಗೆಯಲ್ಲಿದ್ದ ಶರಣ್‌ನನ್ನು ಅಲುಗಿಸಿದಳು.

"ಹಲ್ಲಿ ಕಣೆ. ಮಲ್ಕೋ."

"ಹಲ್ಲಿ ಲೊಚಗುಟ್ಟತ್ತೆ. ಇದು ಟಿಕ್ ಅಂತಿದೆ."

"ಹಾಗಾದ್ರೆ ಇಂಗ್ಲಿಷ್ ಮೀಡಿಯಂ ಹಲ್ಲಿ," ಎಂದು ಶರಣ್ ಗೋಡೆಯ ಕಡೆ ತಿರುಗಿ ಮಲಗಿದ.

ಮಾನ್ಯ ಟಾರ್ಚ್ ಹಿಡಿದು ಮೆಲ್ಲಗೆ ಹಾಲ್‌ಗೆ ಬಂದಳು. ಉದ್ದನೆಯ ಮೇಜಿನ ಮೇಲೆ ಎರಡು ಹಳೆಯ ಮರದ ಕಿಟಕಿಗಳು ಗೋಡೆಯ ಮುಂದೆ ನಿಂತಿದ್ದವು. ಅವುಗಳೊಳಗೆ ನವರಾತ್ರಿಯ ಗೊಂಬೆಗಳು. ಅವತ್ತು ಬೆಳಗ್ಗೆಯಷ್ಟೇ ಕೂರಿಸಿದ್ದು.

ಅವಳು ಎಡಗಡೆ ಕಿಟಕಿಯ ಬಾಗಿಲಿನ ಮೇಲೆ ಬೆಳಕು ಬಿಟ್ಟಳು. ಕೆಳಗಿನ ಕೀಲಿನಲ್ಲಿ ಒಂದು ಸ್ಕ್ರೂ ತಲೆ ಹೊರಗೆ ಹಾಕಿತ್ತು. ಬಾಗಿಲಿನ ಭಾರಕ್ಕೆ ಅದು ಒಂದೊಂದೇ ಕೂದಲಿನಷ್ಟು ಜರುಗುತ್ತಾ ಟಿಕ್ ಎನ್ನುತ್ತಿತ್ತು.

ಆ ಕೀಲಿನ ಪಕ್ಕದಲ್ಲೇ, ಕಿಟಕಿಯ ಅಂಚಿನ ಮೇಲೆ, ಕೆಂಪು ಮರದ ರಾಜ-ರಾಣಿ ಕೂತಿದ್ದರು. ಅಜ್ಜಿಯ ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳು. ಬಾಗಿಲು ಕಳಚಿಕೊಂಡರೆ ಮೊದಲು ಬೀಳುವವರು ಅವರೇ.

ಸ್ಕ್ರೂ ಬಿಗಿ ಮಾಡಬಹುದಿತ್ತು. ಆದರೆ ರಾಜ-ರಾಣಿಯನ್ನು ಎತ್ತಿ ಪಕ್ಕಕ್ಕಿಡದೆ ಅಲ್ಲಿಗೆ ಸ್ಕ್ರೂಡ್ರೈವರ್ ಹೋಗುವಂತಿರಲಿಲ್ಲ. ಅವರನ್ನು ಎತ್ತುವುದು ಸಾಧ್ಯವೇ ಇರಲಿಲ್ಲ. ಅಜ್ಜಿ ಬೆಳಗ್ಗೆ ಕುಂಕುಮ ಇಡುತ್ತಾ ಹೇಳಿದ್ದರು: "ಕೂರಿಸಿದ್ದಾಯ್ತು. ಇನ್ನು ವಿಜಯದಶಮಿ ರಾತ್ರಿ ಮಲಗಿಸೋವರೆಗೂ ಯಾರೂ ಇವರನ್ನ ಮುಟ್ಟಬಾರದು. ಯಾರೂ ಅಂದ್ರೆ ಯಾರೂ."

ಅಜ್ಜಿಗೆ ಹೇಳಿಬಿಟ್ಟರೆ? ಅದು ಇನ್ನೂ ಕಷ್ಟ. ಯಾಕೆಂದರೆ ಕಿಟಕಿಯಲ್ಲಿ ಗೊಂಬೆ ಕೂರಿಸುವ ಯೋಚನೆ ಪೂರ್ತಿ ಮಾನ್ಯಳದು.

ಹಿಂದಿನ ತಿಂಗಳು ಅಪ್ಪ ರೂಮುಗಳಿಗೆ ಸ್ಲೈಡಿಂಗ್ ಕಿಟಕಿ ಹಾಕಿಸಿದ್ದರು. ಹಳೆಯ ಕಿಟಕಿಗಳು ಹಿತ್ತಲಿನಲ್ಲಿ ನೀರಿನ ಸಂಪಿನ ಪಕ್ಕ ಗುಜರಿಯವನಿಗಾಗಿ ಕಾಯುತ್ತಾ ನಿಂತಿದ್ದವು. ಮಾನ್ಯ ಮತ್ತು ಅವಳ ಗೆಳತಿ ಬಿಂದು ಫೋನಿನಲ್ಲಿ ವಿಡಿಯೋ ನೋಡಿದ್ದರು. ಹಳೆ ಕಿಟಕಿಗೆ ಕಾಲು ಜೋಡಿಸಿದರೆ ಟೀಪಾಯಿ. ಗಾಜಿನ ಜಾಗದಲ್ಲಿ ಕನ್ನಡಿ ಕೂರಿಸಿದರೆ ಡ್ರೆಸ್ಸಿಂಗ್ ಟೇಬಲ್. ದಾರ ಕಟ್ಟಿ ಕ್ಲಿಪ್ ಸಿಕ್ಕಿಸಿದರೆ ಫೋಟೋ ಬೋರ್ಡ್. ಒಂದನ್ನಾದರೂ ತನ್ನ ಓದುವ ಮೇಜಿನ ಮೇಲೆ ನೇತುಹಾಕಬೇಕೆಂದು ಮಾನ್ಯ ಆಸೆಪಟ್ಟಿದ್ದಳು.

ಅಷ್ಟರಲ್ಲಿ ಅಟ್ಟದಿಂದ ಗೊಂಬೆ ಮೆಟ್ಟಿಲಿನ ಹಲಗೆಗಳನ್ನು ಇಳಿಸಿದರು. ಅಜ್ಜಿ ಒಂದು ಹಲಗೆಯನ್ನು ಒತ್ತಿದರೆ ಬೆರಳು ನೆನೆದ ಬಿಸ್ಕತ್ತಿನೊಳಗೆ ಹೋದ ಹಾಗೆ ಒಳಗೆ ಹೋಯಿತು. ಗೆದ್ದಲು.

"ಈ ವರ್ಷ ಗೊಂಬೆ ಇಲ್ಲ," ಎಂದು ಅಜ್ಜಿ ಕೈ ಒರೆಸಿಕೊಂಡರು.

"ಮೆಟ್ಟಿಲ ಮೇಲೇ ಯಾಕೆ ಕೂರ್ಬೇಕಜ್ಜಿ? ಕಿಟಕಿಯಲ್ಲಿ ಕೂರ್ಲಿ," ಎಂದು ಮಾನ್ಯಳ ಬಾಯಿಂದ ಬಂದುಬಿಟ್ಟಿತು.

"ಗೊಂಬೆಗಳೇನು ಬಸ್ಸಲ್ಲಿ ಊರಿಗೆ ಹೊರಟಿದ್ದಾವಾ, ಕಿಟಕಿ ಸೀಟು ಹಿಡಿಯೋಕೆ?"

ಆದರೆ ಮಾನ್ಯ ಬಿಡಲಿಲ್ಲ. ಚಿತ್ರ ಬರೆದು ತೋರಿಸಿದಳು. ಎಡಗಡೆ ಕಿಟಕಿ ಅರಮನೆ. ಬಲಗಡೆಯದು ಕಾಡು. ಬಾಗಿಲು ಮುಚ್ಚಿರುತ್ತದೆ. ಬಂದವರು ಚಿಲಕ ತೆಗೆದು ನೋಡಬೇಕು. ಅರಮನೆಯ ಬಾಗಿಲಿನಲ್ಲಿ ಒಂದು ಗಾಜು ಒಡೆದಿತ್ತು, ಅಲ್ಲಿ ಶೆಟ್ಟಿ ಗೊಂಬೆ ಅಂಗಡಿ ಇಟ್ಟುಕೊಂಡು ಹೊರಗೆ ಇಣುಕುತ್ತಾನೆ.

ಅಜ್ಜಿ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ಸರಿ. ಆದ್ರೆ ಒಂದು ಮಾತು. ಈ ಕಿಟಕಿಯಿಂದ ಏನಾದ್ರೂ ಎಡವಟ್ಟಾದ್ರೆ ಕಿಟಕಿ ಗುಜರಿಗೆ, ಗೊಂಬೆ ಟ್ರಂಕಿಗೆ. ಮುಂದಿನ ವರ್ಷ ಕೇಳೋ ಹಾಗಿಲ್ಲ."

ಆಮೇಲಿನ ದಿನಗಳು ಗಾಳಿಪಟದ ಹಾಗೆ ಹಾರಿದವು. ಸ್ಯಾಂಡ್ ಪೇಪರ್ ಹಾಕಿ ಉಜ್ಜಿದರೆ ಮೇಲಿನ ಹಸಿರು ಬಣ್ಣದ ಕೆಳಗೆ ನೀಲಿ ಸಿಕ್ಕಿತು, ನೀಲಿಯ ಕೆಳಗೆ ಹಳದಿ. ಬಿಂದು ಗಾಜಿನ ಮೇಲೆ ಬಳ್ಳಿ ಬರೆದಳು. ಅಮ್ಮ ಕಿಟಕಿಯ ಹಿಂದೆ ಗೊಂಬೆ ಕೂರಿಸಲು ರಟ್ಟಿನ ಡಬ್ಬಗಳಿಗೆ ಹಳೆಯ ರೇಷ್ಮೆ ಸೀರೆ ಸುತ್ತಿಕೊಟ್ಟರು. ಶರಣ್ ಕೀಲು ಕೂರಿಸಿದ. ಒಂದು ಸ್ಕ್ರೂ ಎಷ್ಟು ತಿರುಗಿಸಿದರೂ ಸುಮ್ಮನೆ ತಿರುಗುತ್ತಲೇ ಇತ್ತು.

"ಸಾಕು ಬಿಡು, ಹಿಡ್ಕೊಂಡಿದೆ," ಎಂದಿದ್ದ.

ಹಿಡಿದುಕೊಂಡಿರಲಿಲ್ಲ.

ಟಿಕ್ ಕೇಳಿಸಿದ ಮರುದಿನ ಬೆಳಗ್ಗೆ ಮಾನ್ಯ ಅವನನ್ನು ಮೂಲೆಗೆ ಎಳೆದು ಸ್ಕ್ರೂ ತೋರಿಸಿದಳು. ಶರಣ್ ಬಾಗಿಲಿನ ಕೆಳಗೆ ಮಡಿಸಿದ ರಟ್ಟಿನ ತುಂಡು ತುರುಕಿದ. "ಇದು ಸಪೋರ್ಟು. ಇನ್ನು ಭೂಕಂಪ ಆದ್ರೂ ಅಲ್ಲಾಡಲ್ಲ."

"ಬಾಗಿಲು ತೆಗೆದಾಗ?"

"ತೆಗೆದಾಗ... ನೀನು ಪಕ್ಕದಲ್ಲಿರು."

ಮಾನ್ಯ ಅಜ್ಜಿಯ ಹತ್ತಿರ ಹೋಗಿ ಸುತ್ತಿ ಬಳಸಿ ಕೇಳಿದಳು. "ಅಜ್ಜಿ, ರಾಜ-ರಾಣಿನ ಒಂದೇ ಒಂದು ನಿಮಿಷ ಎತ್ತಬೇಕು ಅಂದ್ರೆ ಏನು ಮಾಡೋದು?"

"ಯಾಕೆ, ಬಾತ್‌ರೂಮಿಗೆ ಹೋಗ್ಬೇಕಂತಾ ಅವ್ರಿಗೆ?"

"ಅಲ್ಲ, ಸುಮ್ನೆ ಕೇಳ್ದೆ."

"ಸುಮ್ನೆ ಕೇಳಿದ್ರೂ ಅದೇ ಉತ್ತರ. ಮುಟ್ಟಬಾರದು," ಎಂದು ಅಜ್ಜಿ ಕಡಲೆಕಾಳು ಆರಿಸುವುದನ್ನು ಮುಂದುವರಿಸಿದರು.

ಸಂಜೆಯಾಗುತ್ತಲೇ ಗೇಟಿನ ಹತ್ತಿರ ಮಕ್ಕಳ ಗುಂಪು. "ರೀ, ಗೊಂಬೆ ಕೂರ್ಸಿದ್ದೀರಾ?"

"ಬನ್ನಿ ಬನ್ನಿ," ಎಂದು ಬಿಂದು ಸಿನಿಮಾ ಟಾಕೀಸಿನವರ ಹಾಗೆ ಬಾಗಿಲಲ್ಲೇ ತಡೆದಳು. "ಒಬ್ಬೊಬ್ಬರೇ ಚಿಲಕ ತೆಗೀಬೇಕು. ನೂಕಬಾರದು."

ಮೊದಲನೆಯ ಹುಡುಗಿ ಬಲಗಡೆ ಕಿಟಕಿಯ ಚಿಲಕ ತೆಗೆದಳು. ಒಳಗೆ ಸೀರಿಯಲ್ ಲೈಟು ಹೊತ್ತಿಕೊಂಡಿತು. ಹುಲಿ, ಜಿಂಕೆ, ರಾಗಿ ಪೈರು, ಬಾಟಲಿ ಮುಚ್ಚಳದಲ್ಲಿ ಕೆರೆ. "ಅಯ್ಯೋ, ಒಳಗೆ ಕಾಡಿದೆ ಕಣ್ರೋ," ಎಂದು ಅವಳು ಕೂಗಿದ್ದೇ ತಡ, ಹಿಂದಿದ್ದವರೆಲ್ಲ ಕುತ್ತಿಗೆ ಚಾಚಿದರು.

ಪಕ್ಕದ ಮನೆಯ ಚಂದ್ರಶೇಖರಯ್ಯನವರು ಅರಮನೆಯ ಕಿಟಕಿ ತೆಗೆದು ಕನ್ನಡಕ ಸರಿಮಾಡಿಕೊಂಡರು. "ಏನಮ್ಮ ವಿಶಾಲಾಕ್ಷಮ್ಮ, ಗೊಂಬೆಗೂ ಮನೆ ಬಾಡಿಗೆಗೆ ಕೊಟ್ಬಿಟ್ರಾ?"

"ಹೂಂ, ಅಡ್ವಾನ್ಸ್ ತಗೊಂಡಿಲ್ಲ ಅಷ್ಟೇ," ಎಂದರು ಅಜ್ಜಿ. ಅವರ ಮುಖದಲ್ಲಿ ನಗು ಇಣುಕಿ ಮಾಯವಾಯಿತು. ಆಮೇಲೆ ಯಾರು ಬಂದರೂ ಅಜ್ಜಿ, "ನಮ್ಮ ರೂಮಿನ ಹಳೆ ಕಿಟಕಿನೇ ಇದು," ಎಂದು ಚರುಪಿನ ಪೊಟ್ಟಣದ ಜೊತೆಗೆ ಹೇಳಿಯೇ ಕಳಿಸುತ್ತಿದ್ದರು. ಪೊಟ್ಟಣದಲ್ಲಿ ಉಸಲಿ, ಒಂದು ಕೊಬ್ಬರಿ ಮಿಠಾಯಿ.

ಮಾರನೆಯ ದಿನ ಸುದ್ದಿ ಹರಡಿತು. ಹಿಂದಿನ ಬೀದಿಯಿಂದಲೂ ಮಕ್ಕಳು ಬಂದರು. "ಕಿಟಕಿ ಗೊಂಬೆ ಮನೆ ಎಲ್ಲಿ?" ಎಂದು ಕೇಳಿಕೊಂಡು ಬಂದರು. ಮಾನ್ಯಳಿಗೆ ಎದೆ ಹಿಗ್ಗಿ ಕುಣಿಯುವಷ್ಟು ಖುಷಿ. ಆದರೆ ಪ್ರತಿ ಸಲ ಚಿಲಕ ತೆಗೆದಾಗಲೂ ಕಣ್ಣು ಆ ಸ್ಕ್ರೂ ಮೇಲೆಯೇ. ಬಂದವರಿಗೆ ಎಷ್ಟು ಖುಷಿಯಾಗುತ್ತಿತ್ತೋ ಅಷ್ಟೂ ಅದು ಹೊರಗೆ ಬರುತ್ತಿತ್ತು.

"ಮೆಲ್ಲಗೆ, ಮೆಲ್ಲಗೆ," ಎಂದು ಅವಳು ಬೇಡಿಕೊಳ್ಳುತ್ತಿದ್ದಳು.

ಒಬ್ಬ ಪುಟ್ಟ ಹುಡುಗ, ಯುಕೆಜಿ ಇರಬೇಕು, ಅರಮನೆಯ ಬಾಗಿಲಿಗೆ ಜೋತುಬಿದ್ದು ತೂಗಾಡಲು ನೋಡಿದ. ಮಾನ್ಯ ಹಾರಿಹೋಗಿ ಅವನ ಸೊಂಟ ಹಿಡಿದು ಕೆಳಗಿಳಿಸಿದಳು. ಬಾಗಿಲು ಒಂದು ಬೆರಳಷ್ಟು ಜಗ್ಗಿತ್ತು. ಬಾಗಿಲು ಗೊಂಬೆಯ ಮೇಲಲ್ಲ, ಈ ಹುಡುಗನ ಮೇಲೆಯೇ ಬಿದ್ದಿದ್ದರೆ?

ಆ ರಾತ್ರಿ ಮಲಗುವ ಮೊದಲು, ಬೆಳಗ್ಗೆ ಅಜ್ಜಿಗೆ ಹೇಳಿಬಿಡಬೇಕು ಎಂದು ನಿರ್ಧರಿಸಿದಳು. ಕಿಟಕಿ ಗುಜರಿಗೆ ಹೋದರೆ ಹೋಗಲಿ.

ಆದರೆ ಬೆಳಗ್ಗೆ ಎಲ್ಲರಿಗೂ ಅವಸರ. ಅಪ್ಪ ಅಂಗಡಿಗೆ ಹೋದರು. ಶರಣ್ ಕ್ರಿಕೆಟ್‌ಗೆ ಹೋದ. ಅಮ್ಮ, "ಮಾನ್ಯ, ಹೂವು ತರೋಣ ಬಾ. ಸಂಜೆ ಚಿಕ್ಕಮುನಿಯಮ್ಮನೋರು ನೆಂಟರನ್ನ ಕರ್ಕೊಂಡು ಬರ್ತಾರಂತೆ," ಎಂದು ಹೊರಡಿಸಿದರು. ಎದುರು ಮನೆಯ ಚಿಕ್ಕಮುನಿಯಮ್ಮನವರ ಕಣ್ಣಿಗೆ ಬೀದಿಯಲ್ಲೆಲ್ಲ ಹೆದರುತ್ತಿದ್ದರು. ಯಾರ ಮನೆಯ ಗೊಂಬೆ ಎಲ್ಲಿತ್ತು, ಯಾವ ಆನೆಯ ದಂತ ಮುರಿದಿದೆ, ಎಲ್ಲವೂ ಅವರಿಗೆ ನೆನಪು.

ಬೀದಿ ತಿರುವಿಗೆ ಬಂದಾಗ ಅಮ್ಮನಿಗೆ ಚೀಲ ಮರೆತದ್ದು ಗೊತ್ತಾಯಿತು. "ಓಡಿಹೋಗಿ ತಗೊಂಡು ಬಾ."

ಮಾನ್ಯ ಓಡಿ ಬಂದಳು. ಚಪ್ಪಲಿ ಬಿಟ್ಟು ಹಾಲ್‌ನ ಬಾಗಿಲಿಗೆ ಕೈ ಇಟ್ಟವಳು ಅಲ್ಲೇ ನಿಂತಳು.

ಅಜ್ಜಿ ಮೇಜಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಅವರ ಮಡಿಲಲ್ಲಿ, ಹೊಸ ಟವೆಲ್ಲಿನ ಮೇಲೆ, ರಾಜ-ರಾಣಿ. ಅಜ್ಜಿಯ ಬಾಯಲ್ಲಿ ಬೆಂಕಿಕಡ್ಡಿ. ಅದನ್ನು ಮುರಿದು ಸಡಿಲವಾಗಿದ್ದ ಸ್ಕ್ರೂ ತೂತಿನೊಳಗೆ ತುರುಕಿ, ಮೇಲಿಂದ ಸ್ಕ್ರೂ ಇಟ್ಟು, ಎರಡೂ ಕೈಯಿಂದ ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದರು. ಪ್ರತಿ ಸುತ್ತಿಗೂ ಉಸಿರು ಬಿಗಿಹಿಡಿಯುತ್ತಿದ್ದರು.

"ತಪ್ಪು ತಿಳ್ಕೋಬೇಡಿ ಕಣ್ರಪ್ಪ," ಎಂದು ಮಡಿಲಿನ ಗೊಂಬೆಗಳಿಗೆ ಹೇಳುತ್ತಿದ್ದರು. "ಮಕ್ಳು ಇಷ್ಟು ಆಸೆಯಿಂದ ಮಾಡಿದ್ದಾವೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ. ಮುಂದಿನ ವರ್ಷಕ್ಕೆ ಕೀಲೇ ಹೊಸದು ಹಾಕ್ಸೋಣ."

ಮುಂದಿನ ವರ್ಷಕ್ಕೆ. ಮಾನ್ಯ ಕೂಗದಂತೆ ಬಾಯಿ ಮುಚ್ಚಿಕೊಂಡಳು.

ಹಿಂದೆ ಹಿಂದೆ ಹೆಜ್ಜೆ ಇಟ್ಟು ಗೇಟಿನವರೆಗೂ ಹೋದಳು. ಅಲ್ಲಿ ನಿಂತು ಒಂದಷ್ಟು ಹೊತ್ತು ಕಾದಳು. ಆಮೇಲೆ ಗೇಟನ್ನು ಬೇಕೆಂದೇ ದಡಾರನೆ ತೆಗೆದು, "ಅಜ್ಜಿ, ಚೀಲ ಎಲ್ಲಿದೆ?" ಎಂದು ಕಿರುಚುತ್ತಾ ಬಂದಳು.

ಅಜ್ಜಿ ಸೋಫಾದ ಮೇಲೆ ಕೂತು ಪೇಪರ್ ಓದುತ್ತಿದ್ದರು. ಪೇಪರ್ ತಲೆಕೆಳಗಾಗಿರಲಿಲ್ಲ, ಆದರೆ ಕನ್ನಡಕ ಟಿವಿಯ ಮೇಲಿತ್ತು. "ಅಡಿಗೆ ಮನೆ ಬಾಗಿಲ ಹಿಂದೆ. ಹಿಂಗೆ ಯಾಕೆ ಕಿರುಚ್ತೀಯ?"

ಸಂಜೆ ಹೊಸ ಹೂವು ಮುಡಿದ ಅಮ್ಮ ದೀಪ ಹಚ್ಚಿದರು. ಮಾನ್ಯ ಮೊದಲು ಅರಮನೆಯ ಬಾಗಿಲು ತೆಗೆದು ಮುಚ್ಚಿ ನೋಡಿದಳು. ಬೆಣ್ಣೆಯ ಹಾಗೆ ತಿರುಗಿತು. ಮತ್ತೊಮ್ಮೆ ತೆಗೆದಳು. ಆಗ ಕಂಡಿತು.

ರಾಣಿ ರಾಜನ ಬಲಗಡೆ ಕೂತಿದ್ದಳು.

ರಾಣಿ ಯಾವಾಗಲೂ ರಾಜನ ಎಡಗಡೆ. ಎಲ್ಲರ ಮನೆಯಲ್ಲೂ ಹಾಗೆಯೇ. ಅವಸರದಲ್ಲಿ ಅಜ್ಜಿ ಅದಲು ಬದಲು ಮಾಡಿದ್ದರು.

ಗೇಟಿನ ಸದ್ದಾಯಿತು. "ವಿಶಾಲಾಕ್ಷಮ್ಮನೋರೇ, ಇದ್ದೀರಾ?" ಚಿಕ್ಕಮುನಿಯಮ್ಮನವರ ಧ್ವನಿ. ಅವರು ಮೆಟ್ಟಿಲ ಬಳಿ ಚಪ್ಪಲಿ ಬಿಡುತ್ತಿದ್ದರು. ಹಿಂದೆ ನೆಂಟರ ಸಾಲು. ಅಜ್ಜಿ, "ಬನ್ನಿ ಬನ್ನಿ," ಎಂದು ಬಾಗಿಲಿಗೆ ಹೋದರು.

ಒಂದು ನೋಟ ಸಾಕು. ಗೊಂಬೆ ಎತ್ತಿದ್ದಾರೆ ಎಂದು ಅವರಿಗೆ ಗೊತ್ತಾಗುತ್ತದೆ. ನೆಂಟರ ಮುಂದೆಯೇ ಕೇಳುತ್ತಾರೆ. ಅಜ್ಜಿ ಏನು ಹೇಳಬೇಕು?

ಮಾನ್ಯ ಹಿಂದೆ ತಿರುಗಿ ನೋಡಿದಳು. ಯಾರೂ ಈ ಕಡೆ ನೋಡುತ್ತಿರಲಿಲ್ಲ. "ಕ್ಷಮಿಸಿ," ಎಂದು ಪಿಸುಗುಟ್ಟಿ ಎರಡೂ ಕೈ ಒಳಗೆ ಹಾಕಿದಳು. ಗೊಂಬೆಗಳು ಅಂದುಕೊಂಡಿದ್ದಕ್ಕಿಂತ ಹಗುರವಾಗಿದ್ದವು. ರಾಜ ಇತ್ತ, ರಾಣಿ ಅತ್ತ. ಬಾಗಿಲು ಮುಚ್ಚಿ ಚಿಲಕ ಹಾಕಿದಳು.

ಚಿಕ್ಕಮುನಿಯಮ್ಮ ಚಿಲಕ ತೆಗೆದರು. ಬಗ್ಗಿ ನೋಡಿದರು. ಶೆಟ್ಟಿಯನ್ನು ನೋಡಿದರು, ಬ್ಯಾಂಡ್ ಸೆಟ್ಟಿನ ಗೊಂಬೆಗಳನ್ನು ನೋಡಿದರು, ರಾಜ-ರಾಣಿಯ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತರು.

"ಚೆನ್ನಾಗಿದೆ ಕಣ್ರೀ," ಎಂದರು ಕೊನೆಗೆ. "ನಮ್ಮನೇಲೂ ಹಳೆ ಕಿಟಕಿ ಎರಡು ಬಿದ್ದಿದಾವೆ. ಎಸೀಬೇಡಿ ಅಂತ ಇವತ್ತೇ ಹೇಳ್ಬೇಕು."

ನೆಂಟರು ಒಬ್ಬೊಬ್ಬರಾಗಿ ಮುಂದೆ ಬಂದರು. ಬಾಗಿಲು ತೆಗೆಯಿತು, ಮುಚ್ಚಿತು, ಮತ್ತೆ ತೆಗೆಯಿತು. ಶರಣ್ ಮಾನ್ಯಳ ಕಿವಿಯ ಹತ್ತಿರ ಬಗ್ಗಿದ. "ನೋಡಿದ್ಯಾ, ಒಂಚೂರೂ ಅಲ್ಲಾಡ್ತಿಲ್ಲ. ನನ್ನ ರಟ್ಟು ಹೆಂಗೆ?"

"ಸೂಪರ್," ಎಂದಳು ಮಾನ್ಯ.

ಎಲ್ಲರೂ ಹೋದ ಮೇಲೆ ಅಜ್ಜಿ ಸ್ಟೂಲಿನ ಮೇಲೆ ಕೂತು ಬಲಗೈ ಮಣಿಕಟ್ಟನ್ನು ಒತ್ತಿಕೊಂಡರು. ಮಾನ್ಯ ಉಸಲಿಯ ತಟ್ಟೆ ತಂದು ಪಕ್ಕದಲ್ಲಿ ಕೂತಳು.

"ತುಂಬಾ ನೋಯ್ತಿದೆಯಾ ಅಜ್ಜಿ, ತಿರುಗಿ..." ಎಂದವಳು ಅಲ್ಲೇ ತಡೆದುಕೊಂಡಳು.

"ಏನು ತಿರುಗಿ?"

"ತಿರುಗಿ ಉಸಲಿ ಹಾಕ್ಕೊಂಡು ಬರ್ಲಾ ಅಂದೆ. ಇದು ಸ್ವಲ್ಪ ಇದೆ."

ಅಜ್ಜಿ ಅವಳನ್ನೊಮ್ಮೆ ನೋಡಿದರು. "ಬೇಡ. ಸಾಕು," ಎಂದು ತಟ್ಟೆ ತೆಗೆದುಕೊಂಡರು.

ಮಾನ್ಯ ಅವರ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು ಮೆಲ್ಲಗೆ ಒತ್ತತೊಡಗಿದಳು. ಬೆಳಗ್ಗೆ ಕಂಡದ್ದನ್ನು ಬಿಂದುವಿಗೆ ಹೇಳುವುದಿಲ್ಲ. ಶರಣ್‌ಗೆ ಹೇಳುವುದಿಲ್ಲ, ರಟ್ಟಿಗೆ ಬಂದ ಹೆಸರು ರಟ್ಟಿಗೇ ಇರಲಿ. ಅಮ್ಮನಿಗೂ ಇಲ್ಲ. ಅಜ್ಜಿಗಂತೂ ಯಾವತ್ತೂ ಇಲ್ಲ.